ಊರಿಗೊಂದು ಚಿತ್ರಶಾಲೆ: ಮಕ್ಕಳಿಗೆ ಹೇಗೆ, ದೊಡ್ಡವರಿಗೆ ಹೇಗೆ?

ಪ್ರಶ್ನೆ: ನಾವು ಸಾಗರದ ಏಳೆಂಟು ಮಂದಿ ಗೆಳೆಯರು. ನಿವೃತ್ತ ಡ್ರಾಯಿಂಗ್ ಶಿಕ್ಷಕರೊಬ್ಬರು ನಮ್ಮ ಜೊತೆಗಿದ್ದಾರೆ. ಹಳೆಯ ಮನೆಯೊಂದರ ಜಗಲಿ ಮತ್ತು ಎರಡು ಕೋಣೆಗಳು ಬಾಡಿಗೆಯಿಲ್ಲದೆ ಸಿಗುವಂತಿವೆ. ಅಲ್ಲಿ ಮಕ್ಕಳಿಗೂ ದೊಡ್ಡವರಿಗೂ ಚಿತ್ರಕಲೆ ಕಲಿಸುವ ಶಾಲೆ ತೆರೆಯಬೇಕೆಂದಿದ್ದೇವೆ. ಎಷ್ಟನೇ ವಯಸ್ಸಿನಿಂದ ಸೇರಿಸಿಕೊಳ್ಳಬೇಕು, ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸಬಹುದೇ, ಗ್ರೇಡ್ ಪರೀಕ್ಷೆಗೆ ತಯಾರಿ ಮಾಡಿಸಬೇಕೇ, ಶುಲ್ಕ ಎಷ್ಟಿರಬೇಕು ಎಂಬ ವಿಷಯಗಳಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಐವತ್ತು ದಾಟಿದವರು ಈಗ ಕಲಿಯಲು ಸಾಧ್ಯವೇ ಎಂಬ ಅನುಮಾನವೂ ಕೆಲವರಿಗಿದೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪತ್ರದ ಕೊನೆಯ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅದರೊಳಗೇ ಇದೆ. ಐವತ್ತೈದು ವರ್ಷದ ಬ್ಯಾಂಕ್ ನೌಕರರೊಬ್ಬರೋ ಮಕ್ಕಳನ್ನು ದಡ ಸೇರಿಸಿದ ತಾಯಿಯೊಬ್ಬರೋ ಮೊದಲ ದಿನ ತರಗತಿಗೆ ಬಂದು ತಮ್ಮ ಮುಂದಿರುವ ತಂಬಿಗೆಯ ಚಿತ್ರ ಬರೆದಾಗ ಅದನ್ನು ಗಮನವಿಟ್ಟು ನೋಡಿ. ಬಾಯಿಯನ್ನು ಪೂರ್ತಿ ದುಂಡಗೆ ಬರೆದಿರುತ್ತಾರೆ, ತಳವನ್ನು ಮಾತ್ರ ನೇರ ಗೆರೆಯಿಂದ ಮುಗಿಸಿರುತ್ತಾರೆ. ಮನುಷ್ಯರ ಮುಖ ಬರೆಯಲು ಹೇಳಿದರೆ ಕಣ್ಣುಗಳು ಹಣೆಯ ಹತ್ತಿರಕ್ಕೆ ಹೋಗಿ ಕೂತಿರುತ್ತವೆ. ಇದು ಐವತ್ತೈದು ವರ್ಷದವರ ಚಿತ್ರವಲ್ಲ, ಹನ್ನೊಂದು ವರ್ಷದ ಹುಡುಗನದೋ ಹುಡುಗಿಯದೋ ಚಿತ್ರ. ಅವರು ಆ ವಯಸ್ಸಿನಲ್ಲಿ ಪೆನ್ಸಿಲ್ ಕೆಳಗಿಟ್ಟರು, ಚಿತ್ರ ಅಲ್ಲಿಯೇ ನಿಂತಿತು. ಹಾಗಾಗಿ ನಿಮ್ಮ ಮುಂದೆ ಬಂದು ಕೂರುವ ದೊಡ್ಡವರು ಕಲಿಯಲಾಗದವರಲ್ಲ, ಕಲಿಕೆ ನಡುವೆ ನಿಂತುಹೋದವರು. ನಿಂತಲ್ಲಿಂದ ಮುಂದಕ್ಕೆ ಕರೆದೊಯ್ಯುವುದು ಸಾಧ್ಯವೆಂಬುದನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಂಡುಕೊಂಡು ಬಂದಿದ್ದೇನೆ.

ಹಾಗಿದ್ದರೆ ಹನ್ನೊಂದರ ಸುಮಾರಿಗೆ ಪೆನ್ಸಿಲ್ ಕೆಳಗಿಡುವಂಥದ್ದು ಏನಾಗುತ್ತದೆ? ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸಿದರು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಹಂತ, ನಾಲ್ಕರಿಂದ ಏಳರವರೆಗೆ ತಲೆಯಿಂದಲೇ ಕೈಕಾಲು ಹೊರಡುವ ಮನುಷ್ಯರನ್ನು ಬರೆಯುವ ಹಂತ, ಏಳರಿಂದ ಒಂಬತ್ತರವರೆಗೆ ಮರಕ್ಕೊಂದು, ಮನೆಗೊಂದು, ಮನುಷ್ಯನಿಗೊಂದು ಎಂದು ಮಗು ತನ್ನದೇ ಗುರುತುಗಳನ್ನು ನಿಶ್ಚಯಿಸಿಕೊಂಡು ಕಾಗದದ ಕೆಳಗೆ ನೆಲದ ಗೆರೆ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುವ ಹಂತ. ಆ ಬಳಿಕ, ಒಂಬತ್ತರಿಂದ ಹನ್ನೆರಡರ ನಡುವೆ, ಮಗು ತನ್ನ ಚಿತ್ರವನ್ನು ಎದುರಿಗಿರುವ ವಸ್ತುವಿನೊಡನೆ ಹೋಲಿಸಿ ನೋಡಲು ತೊಡಗುತ್ತದೆ. ಕಣ್ಣು ಮುಂದೆ ಹೋಗಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ಈ ವಯಸ್ಸುಗಳನ್ನು ಕಲ್ಲಿನ ಗೆರೆಯೆಂದು ಹಿಡಿಯಬೇಡಿ, ಮಗುವಿನಿಂದ ಮಗುವಿಗೆ ಒಂದೆರಡು ವರ್ಷ ಹಿಂದುಮುಂದಾಗುತ್ತದೆ. ಆದರೆ ಕಣ್ಣು ಮತ್ತು ಕೈಗಳ ನಡುವೆ ಈ ಬಿರುಕು ಬೀಳುವ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟಿರುತ್ತಾರೆ, ಮನೆಯಲ್ಲಿ ಟ್ಯೂಷನ್ ಆರಂಭವಾಗಿರುತ್ತದೆ. ‘ನನಗೆ ಚಿತ್ರ ಬರುವುದಿಲ್ಲ’ ಎಂಬ ತೀರ್ಮಾನವನ್ನು ಮಗು ಒಂಟಿಯಾಗಿ ಮಾಡಿಕೊಳ್ಳುತ್ತದೆ, ಮತ್ತು ಜೀವಮಾನವಿಡೀ ಅದನ್ನೇ ನಂಬುತ್ತದೆ.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟು: ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ನೀವು ಕಲಿಸುವುದನ್ನು ಆದಷ್ಟು ಕಡಿಮೆ ಮಾಡಿ, ಹತ್ತರಿಂದ ಹದಿಮೂರರವರಿಗೆ ನಿಮ್ಮ ಶಾಲೆಯ ಅತ್ಯುತ್ತಮ ಶಿಕ್ಷಕರನ್ನು ಕೊಡಿ, ದೊಡ್ಡವರಿಗೆ ಯಾವ ಸಂಕೋಚವೂ ಇಲ್ಲದೆ ಕ್ರಮಬದ್ಧವಾಗಿ ಪಾಠ ಮಾಡಿ. ನಮ್ಮ ಬಹುತೇಕ ತರಗತಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಆರು ವರ್ಷದ ಮಗುವಿಗೆ ಹಲಗೆಯ ಮೇಲೆ ಆನೆ ಬರೆದು ತೋರಿಸಿ ನಕಲು ಮಾಡಿಸುತ್ತೇವೆ. ಅರವತ್ತು ವರ್ಷದವರಿಗೆ ‘ನಿಮಗೆ ಇಷ್ಟ ಬಂದದ್ದು ಬರೆಯಿರಿ, ಮನಸ್ಸಿಗೆ ಹಿತವಾದರೆ ಸಾಕು’ ಎಂದು ಬಿಟ್ಟುಬಿಡುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಗೆ ಏಳು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳ ಮನೆಗಳಿಗೆ ಗೋಡೆಯಿದ್ದರೂ ಒಳಗೆ ಅಡುಗೆ ಮಾಡುವ ಅಜ್ಜಿ, ಒಲೆಯ ಮೇಲಿನ ಪಾತ್ರೆ, ಪಾತ್ರೆಯೊಳಗಿನ ಅನ್ನ ಎಲ್ಲವೂ ಕಾಣುತ್ತಿದ್ದವು. ಗೋಡೆಯಿರುವಾಗ ಒಳಗಿನದು ಕಾಣುವುದಿಲ್ಲವೆಂದು ನಾನು ತಿದ್ದಿದೆ, ಅವಳ ಕಾಗದದ ಮೇಲೆಯೇ ನನ್ನ ಪೆನ್ಸಿಲಿನಿಂದ ಬಾಗಿಲು ಕಿಟಕಿಗಳನ್ನು ಸರಿಪಡಿಸಿದೆ. ಮುಂದಿನ ವಾರದಿಂದ ಅವಳು ಪ್ರತಿ ಗೆರೆಗೂ ನನ್ನ ಮುಖ ನೋಡತೊಡಗಿದಳು. ಎರಡು ತಿಂಗಳಲ್ಲಿ ಬರುವುದನ್ನೇ ನಿಲ್ಲಿಸಿದಳು. ಹೊರಗಿನದೂ ಒಳಗಿನದೂ ಒಟ್ಟಿಗೆ ಕಾಣುವ ಆ ಬಗೆಯ ಚಿತ್ರ ಆ ವಯಸ್ಸಿನ ಸಹಜ ಲಕ್ಷಣವೆಂದು, ಮಗುವಿಗೆ ಮುಖ್ಯವಾದದ್ದನ್ನು ಗೋಡೆ ಮುಚ್ಚಲಾರದೆಂದು ಅಂದು ನನಗೆ ತಿಳಿದಿರಲಿಲ್ಲ. ಮಗುವಿನ ಕಾಗದದ ಮೇಲೆ ಶಿಕ್ಷಕರ ಕೈ ಓಡಬಾರದು ಎಂಬ ನಿಯಮವನ್ನು ನಾನು ಆ ಮೇಲೆ ಮೀರಿಲ್ಲ. ತೋರಿಸಲೇಬೇಕಾದರೆ ಬೇರೆ ಕಾಗದದಲ್ಲಿ ತೋರಿಸಿ, ತೋರಿಸಿದ್ದನ್ನು ಅಳಿಸಿಬಿಡಿ ಅಥವಾ ಮಡಚಿ ಇಡಿ.

ಐದರಿಂದ ಒಂಬತ್ತರವರೆಗಿನವರ ತರಗತಿಯಲ್ಲಿ ಶಿಕ್ಷಕರಿಗೆ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ಸಾಮಗ್ರಿಯನ್ನು ಆರಿಸುವುದು, ವಿಷಯವನ್ನು ಮಗುವಿನ ಅನುಭವದಿಂದ ಹೊರತೆಗೆಯುವುದು, ಹೊತ್ತು ಕೊಡುವುದು, ಇವು ಮೂರೂ ಸುಲಭದ ಕೆಲಸಗಳಲ್ಲ. ‘ಮಳೆಯ ಚಿತ್ರ ಬರೆಯಿರಿ’ ಎಂದರೆ ಇಪ್ಪತ್ತು ಕೊಡೆಗಳು ಬರುತ್ತವೆ. ‘ನಿನ್ನೆ ಶಾಲೆಯಿಂದ ಬರುವಾಗ ಎಲ್ಲಿ ಒದ್ದೆಯಾದಿರಿ, ಯಾರ ಜೊತೆಗಿದ್ದಿರಿ, ಚಪ್ಪಲಿ ಏನಾಯಿತು?’ ಎಂದು ಹತ್ತು ನಿಮಿಷ ಮಾತಾಡಿಸಿದ ಮೇಲೆ ಕಾಗದ ಕೊಟ್ಟರೆ ಇಪ್ಪತ್ತು ಬೇರೆ ಬೇರೆ ಮಳೆಗಳು ಬರುತ್ತವೆ. ಚಿತ್ರ ಮುಗಿದಾಗ ‘ಇದು ಏನು?’ ಎಂದು ಕೇಳುವುದಕ್ಕಿಂತ ‘ಇದರ ಬಗ್ಗೆ ಹೇಳು’ ಎಂದು ಕೇಳುವುದು ಒಳ್ಳೆಯದು. ಮೊದಲನೆಯದರಲ್ಲಿ ಚಿತ್ರ ಅರ್ಥವಾಗಲಿಲ್ಲವೆಂಬ ದೂರು ಇದೆ. ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳಿಗಾಗಿಯೇ ಕಲಾ ತರಗತಿ ಆರಂಭಿಸಿದಾಗ ಹಿಡಿದ ದಾರಿಯೂ ಇದೇ, ಶಾಂತಿನಿಕೇತನದ ಕಲಾಭವನದಲ್ಲಿ ಕಲಿತ ದೇವಿಪ್ರಸಾದ್ 1944ರಿಂದ ಗಾಂಧೀಜಿಯ ಸೇವಾಗ್ರಾಮದ ಮಕ್ಕಳೊಡನೆ ಮಾಡಿದ ಕೆಲಸದ ಹಿಂದಿದ್ದದ್ದೂ ಇದೇ ನಂಬಿಕೆ. ಐದು ವರ್ಷಕ್ಕಿಂತ ಚಿಕ್ಕವರನ್ನು ಸದ್ಯ ಸೇರಿಸಿಕೊಳ್ಳಬೇಡಿ. ಅವರಿಗೆ ತರಗತಿಗಿಂತ ಮನೆಯ ಅಂಗಳ, ಒಂದು ತುಂಡು ಸೀಮೆಸುಣ್ಣ, ಹತ್ತಿರದಲ್ಲಿ ಕೂತು ನೋಡುವ ಅಜ್ಜ ಅಜ್ಜಿ ಇದ್ದರೆ ಸಾಕು.

ಹತ್ತು ದಾಟಿದವರ ವಿಷಯಕ್ಕೆ ಬಂದಾಗ ನಿಮ್ಮ ಧೋರಣೆ ಪೂರ್ತಿ ಬದಲಾಗಬೇಕು. ಆ ಮಗು ಈಗ ಸಹಾಯ ಕೇಳುತ್ತಿದೆ. ಬರೆದು, ಉಜ್ಜಿ, ಕಾಗದ ಹರಿದು ಹಾಕುವ ಹುಡುಗನಿಗೆ ‘ಚೆನ್ನಾಗಿದೆಯಲ್ಲ’ ಎಂದು ಹೇಳುವುದು ಅವನಿಗೆ ಮಾಡುವ ಅನ್ಯಾಯ, ಚೆನ್ನಾಗಿಲ್ಲವೆಂದು ಅವನಿಗೆ ಗೊತ್ತಿರುತ್ತದೆ. ತಂಬಿಗೆಯ ಬಾಯಿ ದುಂಡಗಿದ್ದರೂ ಕಣ್ಣಿಗೆ ಯಾಕೆ ಮೊಟ್ಟೆಯಾಕಾರವಾಗಿ ಕಾಣುತ್ತದೆ, ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಯಾಕೆ ಬರಿಯ ಗೆರೆಯಾಗುತ್ತದೆ ಎಂಬುದನ್ನು ಅವನ ಕೈಯಲ್ಲೇ ತಂಬಿಗೆ ಕೊಟ್ಟು ತೋರಿಸಿ. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಎತ್ತರಕ್ಕೂ ಅಗಲಕ್ಕೂ ಇರುವ ಪ್ರಮಾಣ ಅಳೆಯುವುದನ್ನು ಕಲಿಸಿ. ಮುಖದಲ್ಲಿ ಕಣ್ಣುಗಳು ನೆತ್ತಿ ಮತ್ತು ಗಲ್ಲದ ಸರಿಸುಮಾರು ನಡುವೆ ಇರುತ್ತವೆ ಎಂಬ ಒಂದೇ ಮಾತು, ಕನ್ನಡಿ ಹಿಡಿದು ತಾವೇ ಅಳೆದು ನೋಡಿದ ಮೇಲೆ, ಹನ್ನೊಂದು ವರ್ಷದವರ ಮುಖದಲ್ಲಿ ಎಂಥ ಬೆಳಕು ತರುತ್ತದೆ ಎಂಬುದನ್ನು ನೀವು ಕಾಣುವಿರಿ. ನಿಮ್ಮ ನಿವೃತ್ತ ಶಿಕ್ಷಕರನ್ನು ಈ ತರಗತಿಗೆ ಮೀಸಲಿಡಿ. ನಿಮ್ಮ ಇಡೀ ಶಾಲೆಯಲ್ಲಿ ಒಂದೇ ತರಗತಿ ನಡೆಸಲು ಶಕ್ತಿಯಿದ್ದರೆ ಅದು ಇದೇ ಆಗಿರಲಿ ಎನ್ನುವಷ್ಟು ನನಗೆ ಇದು ಮುಖ್ಯ.

ಇನ್ನು ದೊಡ್ಡವರು. ‘ನೆಟ್ಟಗೆ ಒಂದು ಗೆರೆ ಎಳೆಯಲು ಬರುವುದಿಲ್ಲ’ ಎಂದು ಹೇಳಿಕೊಂಡೇ ಒಳಗೆ ಬರುವ ಗೃಹಿಣಿ, ಅದೇ ದಿನ ಬೆಳಿಗ್ಗೆ ಅಂಗಳದಲ್ಲಿ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದೂ ಗೆರೆ ತಪ್ಪದೆ ಎಳೆದು ಬಂದಿರುತ್ತಾರೆ. ಅದೇ ಕೈ ಪೆನ್ಸಿಲ್ ಹಿಡಿದೊಡನೆ ನಡುಗುವುದಕ್ಕೆ ಕಾರಣವಿದೆ. ರಂಗೋಲಿಯನ್ನು ಸೊಂಟ ಬಗ್ಗಿಸಿ, ಭುಜದಿಂದ ತೋಳನ್ನು ಬೀಸಿ ಎಳೆಯುತ್ತಾರೆ, ಬೆರಳುಗಳ ಕೆಲಸ ಪುಡಿ ಬಿಡುವುದಷ್ಟೇ. ಪೆನ್ಸಿಲನ್ನು ಅಕ್ಷರ ಬರೆಯುವಂತೆ ತುದಿಯಲ್ಲಿ ಬಿಗಿಯಾಗಿ ಹಿಡಿದು ಬೆರಳುಗಳಿಂದಲೇ ಎಳೆಯುತ್ತಾರೆ. ಆದ್ದರಿಂದ ದೊಡ್ಡವರ ಮೊದಲ ಪಾಠಗಳಲ್ಲಿ ಪೆನ್ಸಿಲನ್ನೂ ಸಣ್ಣ ಡ್ರಾಯಿಂಗ್ ಪುಸ್ತಕವನ್ನೂ ಹೊರಗಿಡಿ. ದೊಡ್ಡ ಹಾಳೆ, ಗೋಡೆಗೆ ಒರಗಿಸಿದ ಹಲಗೆ ಅಥವಾ ನೆಲ, ಕೈಯಲ್ಲಿ ಇದ್ದಿಲು, ಇಷ್ಟಿರಲಿ. ಇದ್ದಿಲಿನ ಗೆರೆಯನ್ನು ಬಟ್ಟೆಯಿಂದ ಒರೆಸಿಬಿಡಬಹುದು, ಆದ್ದರಿಂದ ತಪ್ಪಿನ ಭಯವೂ ಕಡಿಮೆ.

ಮುಂದಿನ ಕ್ರಮವನ್ನು ಹದಿನಾರು ವಾರಗಳಿಗೆ ಹೀಗೆ ಹಂಚಬಹುದು. ಮೊದಲ ನಾಲ್ಕು ವಾರ ಗೆರೆ. ಕಾಗದವನ್ನು ನೋಡದೆ ವಸ್ತುವಿನ ಅಂಚಿನ ಮೇಲೆ ಕಣ್ಣನ್ನು ಇರುವೆಯಂತೆ ನಿಧಾನವಾಗಿ ನಡೆಸುತ್ತ ಕೈಯನ್ನು ಅದರ ಹಿಂದೆ ಬಿಡುವುದು, ಕುರ್ಚಿಯನ್ನು ಬರೆಯದೆ ಕುರ್ಚಿಯ ಕಾಲುಗಳ ನಡುವೆ ಇರುವ ಖಾಲಿ ಜಾಗಗಳನ್ನು ಮಾತ್ರ ಬರೆಯುವುದು. ಈ ಎರಡನೆಯ ಅಭ್ಯಾಸಕ್ಕೆ ಎರಡು ತರಗತಿ ಪೂರ್ತಿ ಕೊಡಿ, ಏಕೆಂದರೆ ಕುರ್ಚಿ ಹೇಗಿರುತ್ತದೆ ಎಂದು ತಲೆಗೆ ಗೊತ್ತಿರುವುದರಿಂದ ಕಣ್ಣು ಅದನ್ನು ನೋಡುವುದಿಲ್ಲ, ಖಾಲಿ ಜಾಗ ಹೇಗಿರುತ್ತದೆಂದು ತಲೆಗೆ ಗೊತ್ತಿಲ್ಲದ್ದರಿಂದ ಕಣ್ಣು ಅದನ್ನು ನಿಜವಾಗಿ ನೋಡಲೇಬೇಕಾಗುತ್ತದೆ. ಐದರಿಂದ ಎಂಟನೆಯ ವಾರದವರೆಗೆ ನೆರಳು ಬೆಳಕು. ಕಾಗದದ ಬಿಳಿಯಿಂದ ಇದ್ದಿಲಿನ ಕಪ್ಪಿನವರೆಗೆ ಐದು ಮೆಟ್ಟಿಲು ಮಾಡಿಕೊಂಡು, ಸುಣ್ಣ ಬಳಿದ ಮಡಕೆಯೊಂದನ್ನು ಒಂದೇ ಕಡೆಯ ಬೆಳಕಿನಲ್ಲಿಟ್ಟು ಆ ಐದರಲ್ಲೇ ಮುಗಿಸುವುದು. ಬಣ್ಣ ಬರಬೇಕಾದದ್ದು ಒಂಬತ್ತನೆಯ ವಾರಕ್ಕೆ, ಅದೂ ಒಂದು ಕೆಂಪು, ಒಂದು ಹಳದಿ, ಒಂದು ನೀಲಿ ಮಾತ್ರ. ಅಂಗಡಿಯ ಹಸಿರು ಟ್ಯೂಬು ಕೈಗೆ ಸಿಕ್ಕಿದವರು ಅಡಿಕೆ ತೋಟವನ್ನೂ ಭತ್ತದ ಗದ್ದೆಯನ್ನೂ ಒಂದೇ ಹಸಿರಿನಲ್ಲಿ ಬರೆಯುತ್ತಾರೆ, ತಾವೇ ಬೆರೆಸಿಕೊಂಡವರು ಎರಡರ ನಡುವಿನ ವ್ಯತ್ಯಾಸಕ್ಕಾಗಿ ಹುಡುಕುತ್ತಾರೆ. ಕೊನೆಯ ನಾಲ್ಕು ವಾರ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಮೂಲೆಯನ್ನು ಆರಿಸಿಕೊಂಡು ಒಂದೇ ಚಿತ್ರದ ಮೇಲೆ ಕೆಲಸ ಮಾಡಲಿ.

ವಯಸ್ಸಾದವರ ದೇಹದ ಅನುಕೂಲಗಳನ್ನು ಮರೆಯಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಓದುವ ಕನ್ನಡಕದ ದೂರಕ್ಕೆ ಹೊಂದುವ ಎತ್ತರದ ಮೇಜು, ನಡುಗುವ ಕೈಯವರಿಗೆ ದಪ್ಪ ಹಿಡಿಯ ಕುಂಚ ಇವೆಲ್ಲ ಬೇಕು. ಸಮಯದ ಆಯ್ಕೆಯೂ ಅಷ್ಟೇ ಮುಖ್ಯ. ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೆ ವಾರದ ನಡುವೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಹೊಂದುತ್ತದೆ, ನೌಕರಿಯವರಿಗೆ ಭಾನುವಾರದ ಬೆಳಿಗ್ಗೆ.

ಮಕ್ಕಳನ್ನೂ ದೊಡ್ಡವರನ್ನೂ ಒಟ್ಟಿಗೆ ಕೂರಿಸಬಹುದೇ ಎಂದು ಕೇಳಿದ್ದೀರಿ. ವಾರದ ತರಗತಿಯಲ್ಲಿ ಬೇಡ. ತಾಯಿಯೋ ತಂದೆಯೋ ಪಕ್ಕದಲ್ಲಿದ್ದರೆ ಮಗುವಿನ ಕುಂಚ ಐದೇ ನಿಮಿಷದಲ್ಲಿ ಅವರ ಕೈಗೆ ಬಂದಿರುತ್ತದೆ, ಇದು ಪ್ರೀತಿಯಿಂದಲೇ ಆಗುವ ಅನಾಹುತ. ಆದರೆ ಚಿತ್ರ ತೂಗುಹಾಕುವ ಗೋಡೆ ಒಂದೇ ಇರಲಿ. ಬುಧವಾರ ಬಂದ ಅಜ್ಜಿ ಮಂಗಳವಾರದ ಮಕ್ಕಳ ಚಿತ್ರವನ್ನೂ, ಶನಿವಾರ ಬಂದ ಹುಡುಗ ಅಜ್ಜಿಯ ಮಡಕೆಯ ಐದು ನೆರಳುಗಳನ್ನೂ ನೋಡಲಿ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಹೊರಗೆ ಹೋಗಿ ಬರೆಯಿರಿ. ಗಣಪತಿ ಕೆರೆಯ ದಂಡೆ ನಿಮ್ಮ ಊರಿನಲ್ಲೇ ಇದೆ, ಇಕ್ಕೇರಿಯ ಅಘೋರೇಶ್ವರ ಮತ್ತು ಕೆಳದಿಯ ರಾಮೇಶ್ವರ ದೇವಸ್ಥಾನಗಳು ಹತ್ತಿರದಲ್ಲಿವೆ. ಕೆಳದಿಯ ಚಾವಣಿಯಲ್ಲಿರುವ ಗಂಡಭೇರುಂಡವನ್ನು ನೆಲದ ಮೇಲೆ ಅಂಗಾತ ಮಲಗಿ ನೋಡಿ ಬರೆಯುವ ಅನುಭವವನ್ನು ಎಂಟು ವರ್ಷದವರೂ ಅರವತ್ತೆಂಟು ವರ್ಷದವರೂ ಮರೆಯಲಾರರು.

ನಿಮ್ಮ ಸೀಮೆಯ ಬಗ್ಗೆ ಮಾತು ಬಂದದ್ದರಿಂದ ಇನ್ನೊಂದನ್ನು ಒತ್ತಿ ಹೇಳಬೇಕಾಗಿದೆ. ಬೆಂಗಳೂರಿನ ಯಾವ ಕಲಾ ಶಾಲೆಗೂ ಇಲ್ಲದ ಸಂಪತ್ತು ನಿಮ್ಮ ಸುತ್ತ ಇದೆ. ದೀವರು ಎಂಬ ಸಮುದಾಯದವರ ಮನೆಗಳ ಹಸೆ ಚಿತ್ತಾರವನ್ನು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವುಗಳಿಂದ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುತ್ತ ಬಂದಿದ್ದಾರೆ. ಭೂಮಿ ಹುಣ್ಣಿಮೆಗೆ ಪೂಜೆಯ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಚಿತ್ತಾರವೂ ಅದೇ ಕೈಗಳದ್ದು. ಗಂಧದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ಹೆಸರಾದ ಗುಡಿಗಾರರು ಸಾಗರ ಸೊರಬಗಳಲ್ಲೇ ಇದ್ದಾರೆ. ಇವರನ್ನು ವಾರ್ಷಿಕೋತ್ಸವದ ದಿನ ಶಾಲು ಹೊದಿಸಿ ಕಳುಹಿಸುವ ಅತಿಥಿಗಳಾಗಿ ಕರೆಯಬೇಡಿ. ಆರು ವಾರದ ತರಗತಿಯನ್ನು ಅವರಿಗೆ ಒಪ್ಪಿಸಿ, ಡಿಪ್ಲೊಮಾ ಪಡೆದ ಶಿಕ್ಷಕರಿಗೆ ಕೊಡುವಷ್ಟೇ ಗೌರವಧನ ಕೊಡಿ, ಫಲಕದ ಮೇಲೆ ಶಿಕ್ಷಕರೆಂದು ಅವರ ಹೆಸರು ಬರೆಯಿಸಿ. ಚಿತ್ತಾರದ ಎಳೆಗಳನ್ನು ಅಂಗಡಿಯ ಪೋಸ್ಟರ್ ಬಣ್ಣದಲ್ಲಿ ನಕಲು ಮಾಡಿಸುವುದಕ್ಕೆ ಮುಂಚೆ ನಾರನ್ನು ಜಜ್ಜಿ ಕುಂಚ ಮಾಡುವುದರಿಂದ, ಕೆಮ್ಮಣ್ಣು ಸೋಸಿ ನೆನೆಸುವುದರಿಂದ ಪಾಠ ಆರಂಭವಾಗಲಿ. ಅಳತೆಪಟ್ಟಿಯಿಲ್ಲದೆ ಅಷ್ಟು ಸಮನಾದ ಎಳೆಗಳನ್ನು ಎಳೆಯುವ ಹಿರಿಯ ಹೆಂಗಸಿನ ಪಕ್ಕದಲ್ಲಿ ಕೂತ ಮಗು ಏಕಾಗ್ರತೆಯೆಂದರೇನೆಂದು ನೋಡಿಯೇ ಕಲಿಯುತ್ತದೆ.

ಗ್ರೇಡ್ ಪರೀಕ್ಷೆಗಳ ವಿಷಯದಲ್ಲಿ ನನ್ನ ನಿಲುವು ನಿಮ್ಮಲ್ಲಿ ಕೆಲವರಿಗೆ ಒಪ್ಪಿಗೆಯಾಗದಿರಬಹುದು. ಕರ್ನಾಟಕದಲ್ಲಿ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಅವುಗಳದೇ ಆದ ಉಪಯೋಗವಿದೆ. ಮುಂದೆ ಚಿತ್ರಕಲೆಯನ್ನೇ ಓದಬೇಕೆನ್ನುವ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿಗೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಹೋಗಬೇಕೆನ್ನುವ ಹುಡುಗ ಹುಡುಗಿಯರಿಗೆ ನಿಗದಿತ ಹೊತ್ತಿನಲ್ಲಿ ಕೆಲಸ ಮುಗಿಸುವ ಶಿಸ್ತು ಅದರಿಂದ ಬರುತ್ತದೆ. ಹಾಗಾಗಿ ಹನ್ನೆರಡು ದಾಟಿದವರಲ್ಲಿ ಬಯಸಿದವರಿಗೆ ಪರೀಕ್ಷೆಗೆ ಮೂರು ತಿಂಗಳಿರುವಾಗ ಪ್ರತ್ಯೇಕ ತರಗತಿ ಮಾಡಿ. ಅದು ಶಾಲೆಯ ಪಠ್ಯಕ್ರಮವಾಗಬಾರದು. ಆ ತಪ್ಪು ಆದ ಊರುಗಳಲ್ಲಿ ವರ್ಷವಿಡೀ ಅದೇ ಹೂದಾನಿ, ಅದೇ ಬಕೆಟ್ಟು, ಅದೇ ಎಲೆಬಳ್ಳಿಯ ವಿನ್ಯಾಸ ನಡೆಯುತ್ತದೆ, ಪ್ರಮಾಣಪತ್ರ ಕೈಗೆ ಬಂದ ದಿನ ಮಗು ಬಣ್ಣದ ಡಬ್ಬಿ ಮುಚ್ಚುತ್ತದೆ.

ಸ್ಪರ್ಧೆಗಳ ಬಗ್ಗೆ ಇನ್ನೂ ಕಟುವಾಗಿರುತ್ತೇನೆ. ಹಲವು ವರ್ಷ ತೀರ್ಪುಗಾರನಾಗಿ ಕೂತ ಮೇಲೆ ಆ ಕೆಲಸವನ್ನು ನಾನು ಬಿಟ್ಟೆ. ಐದು ವರ್ಷದ ಮಗು ಕಲಿಸಿಕೊಟ್ಟ ಸೂರ್ಯೋದಯವನ್ನು, ಎರಡು ಬೆಟ್ಟ, ನಡುವೆ ನದಿ, ಒಂದು ತೆಂಗಿನ ಮರ, ಕಣ್ಣುಮುಚ್ಚಿ ಬರೆದು ಬಹುಮಾನಕ್ಕಾಗಿ ಅಮ್ಮನ ಮುಖ ನೋಡುವುದನ್ನು ಎಷ್ಟು ಸಲ ನೋಡುವುದು? ನಿಮ್ಮ ಶಾಲೆಯ ಹೆಸರಿನಲ್ಲಿ ಹನ್ನೆರಡು ವರ್ಷದೊಳಗಿನವರನ್ನು ಸ್ಪರ್ಧೆಗೆ ಕಳುಹಿಸಬೇಡಿ. ಅದರ ಬದಲು ವರ್ಷಕ್ಕೊಮ್ಮೆ ಪ್ರದರ್ಶನ ಮಾಡಿ, ಶಾಲೆಗೆ ಬಂದ ಪ್ರತಿಯೊಬ್ಬರ ಒಂದೊಂದು ಚಿತ್ರವನ್ನು, ಅವರೇ ಆರಿಸಿದ್ದನ್ನು, ಒಂದೇ ಅಳತೆಯ ಚೌಕಟ್ಟಿನಲ್ಲಿ ತೂಗುಹಾಕಿ. ಮಗು ಏನು ಕಲಿಯಿತು ಎಂದು ಪೋಷಕರು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಪ್ರತಿ ಚಿತ್ರದ ಹಿಂದೆ ಹೆಸರು, ದಿನಾಂಕ ಮತ್ತು ಮಗು ಆ ಚಿತ್ರದ ಬಗ್ಗೆ ಹೇಳಿದ ಒಂದು ಮಾತನ್ನು ಬರೆದು ಕಡತದಲ್ಲಿಡಿ. ನಾಲ್ಕು ತಿಂಗಳಿಗೊಮ್ಮೆ ಪೋಷಕರೊಡನೆ ಕೂತು ಜೂನ್ ತಿಂಗಳ ಚಿತ್ರವನ್ನೂ ಅಕ್ಟೋಬರ್ ತಿಂಗಳ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ನೀವು ಹೆಚ್ಚು ಮಾತಾಡಬೇಕಾಗುವುದಿಲ್ಲ.

ಕೋಣೆ ಮತ್ತು ಸಾಮಗ್ರಿಗಳನ್ನು ಕುರಿತು ಕೆಲವು ಮಾತು. ಉತ್ತರ ದಿಕ್ಕಿನ ಕಿಟಕಿಯಿರುವ ಕೋಣೆಯನ್ನು ದೊಡ್ಡವರ ವಸ್ತುಚಿತ್ರಕ್ಕೆ ಇಟ್ಟುಕೊಳ್ಳಿ, ಅಲ್ಲಿ ದಿನವಿಡೀ ನೆರಳು ಹೆಚ್ಚು ಕದಲುವುದಿಲ್ಲ. ಜಗಲಿ ಚಿಕ್ಕ ಮಕ್ಕಳದಾಗಲಿ, ಚೆಲ್ಲಿದರೆ ತೊಳೆಯುವುದು ಸುಲಭ. ಮಲೆನಾಡಿನ ಮಳೆಗಾಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಗದಕ್ಕೆ ಬೂಷ್ಟು ಹಿಡಿಯದಂತೆ ಗೋಡೆಯಿಂದ ದೂರ, ನೆಲದಿಂದ ಎತ್ತರದಲ್ಲಿ ತಗಡಿನ ಟ್ರಂಕಿನಲ್ಲಿಡಿ. ಜುಲೈ ಆಗಸ್ಟ್‌ನಲ್ಲಿ ಜಲವರ್ಣ ಒಣಗುವುದಿಲ್ಲ, ಆ ಎರಡು ತಿಂಗಳನ್ನು ಇದ್ದಿಲು, ಕ್ರೇಯಾನ್, ಕತ್ತರಿಸಿ ಅಂಟಿಸುವ ಕೆಲಸ ಮತ್ತು ಕುಂಬಾರರ ಜೇಡಿಮಣ್ಣಿಗೆ ಕೊಡಿ. ಚಿಕ್ಕವರಿಗೆ ದುಬಾರಿ ಹಾಳೆ ಬೇಡ, ಮುದ್ರಣಾಲಯದಲ್ಲಿ ಉಳಿಯುವ ಕಾಗದದ ಸುರುಳಿ ಕೇಳಿ ತನ್ನಿ. ಜಲವರ್ಣಕ್ಕೆ ಮಾತ್ರ ತೆಳ್ಳಗಿನ ಕಾಗದ ಕೊಟ್ಟು ಅದು ಸುಕ್ಕುಗಟ್ಟಿದಾಗ ಮಗುವನ್ನು ದೂಷಿಸುವಂತಾಗಬಾರದು. ಕಡಿಮೆ ಬಣ್ಣ, ಒಳ್ಳೆಯ ಬಣ್ಣ, ದೊಡ್ಡ ಕುಂಚ, ಈ ಮೂರನ್ನು ನೆನಪಿಡಿ. ಹನ್ನೆರಡು ಬಣ್ಣದ ಡಬ್ಬಿ ತರುವ ದುಡ್ಡಿನಲ್ಲಿ ಐದು ಬಣ್ಣದ ದೊಡ್ಡ ಬಾಟಲಿಗಳು ಬರುತ್ತವೆ. ಸಾಮಗ್ರಿ ಶಾಲೆಯದೇ ಆಗಿರಲಿ, ಎಲ್ಲರಿಗೂ ಒಂದೇ ಇರಲಿ. ಒಬ್ಬರ ಮೇಜಿನ ಮೇಲೆ ಆಮದು ಬಣ್ಣ, ಪಕ್ಕದವರ ಮೇಜಿನ ಮೇಲೆ ಒಣಗಿದ ಬಿಲ್ಲೆ ಇದ್ದರೆ ಅದು ಸಮುದಾಯದ ಶಾಲೆಯೆನಿಸಲಾರದು. ಅಚ್ಚುಚಿತ್ರಕ್ಕಾಗಿ ಲಿನೊ ಹಾಳೆ ಕೆತ್ತುವ ಉಳಿ ಹನ್ನೆರಡು ದಾಟಿದವರಿಗೆ ಮಾತ್ರ, ಟರ್ಪೆಂಟೈನ್ ಮಕ್ಕಳ ಕೋಣೆಗೆ ಬರಲೇಬಾರದು.

ಮಕ್ಕಳ ಸುರಕ್ಷತೆಯ ನಿಯಮಗಳನ್ನು ಶಾಲೆ ತೆರೆಯುವ ಮುನ್ನವೇ ಬರೆದಿಟ್ಟುಕೊಳ್ಳಿ. ತರಗತಿ ನಡೆಯುವಾಗ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು, ಮಗುವನ್ನು ಯಾರು ಕರೆದೊಯ್ಯುತ್ತಾರೆಂದು ದಾಖಲೆಯಿರಬೇಕು, ಪೋಷಕರ ಒಪ್ಪಿಗೆಯಿಲ್ಲದೆ ಮಗುವಿನ ಫೋಟೊ ಎಲ್ಲಿಯೂ ಹಾಕಬಾರದು. 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಎಲ್ಲ ಶಿಕ್ಷಕರಿಗೂ ತಿಳಿವಳಿಕೆಯಿರಲಿ. ಚಿಕ್ಕವರ ತರಗತಿಗೆ ಹದಿನೈದಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸಬೇಡಿ.

ಹಣದ ಲೆಕ್ಕವನ್ನು ಉದಾಹರಣೆಯಾಗಿ ಹೀಗೆ ಹಾಕಿ ನೋಡಿ, ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಮೂವತ್ತು ಮಕ್ಕಳಲ್ಲಿ ಆರು ಮಂದಿಗೆ ಉಚಿತ, ಉಳಿದ 24 ಮಂದಿಗೆ ತಿಂಗಳಿಗೆ 400 ರೂಪಾಯಿಯಂತೆ 9,600. ಹನ್ನೆರಡು ಮಂದಿ ದೊಡ್ಡವರಿಗೆ 800 ರೂಪಾಯಿಯಂತೆ ಮತ್ತೆ 9,600. ಒಟ್ಟು 19,200. ವಾರಕ್ಕೆ ಐದು ತರಗತಿಯಂತೆ ತಿಂಗಳಿಗೆ ಇಪ್ಪತ್ತು ತರಗತಿ, ಒಂದಕ್ಕೆ 700 ರೂಪಾಯಿ ಗೌರವಧನವೆಂದರೆ 14,000. ಉಳಿಯುವ 5,200ರಲ್ಲಿ ಕಾಗದ, ಬಣ್ಣ, ವಿದ್ಯುತ್ತು ನಡೆಯಬೇಕು. ಬಾಡಿಗೆಗೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಮನೆಯ ಯಜಮಾನರಿಂದ ಕನಿಷ್ಠ ಐದು ವರ್ಷಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಉಚಿತವಾಗಿ ಕಲಿಯುವವರು ಯಾರೆಂಬುದು ಲೆಕ್ಕ ನೋಡುವ ಒಬ್ಬರ ಹೊರತು ಬೇರೆ ಯಾರಿಗೂ, ಶಿಕ್ಷಕರಿಗೂ, ತಿಳಿಯಬಾರದು. ಶಿಕ್ಷಕರನ್ನು ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸುವ ಯೋಚನೆ ಬೇಡ, ಎರಡನೆಯ ವರ್ಷದಲ್ಲಿ ಶಾಲೆಗಳು ಮುಚ್ಚುವುದು ಹೆಚ್ಚಾಗಿ ಅದರಿಂದಲೇ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಸಂಘ ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು, ನೀವು ಅಷ್ಟು ಮಂದಿ ಇದ್ದೀರಿ. ವರ್ಷವರ್ಷ ಲೆಕ್ಕಪತ್ರ ಸಲ್ಲಿಸುವ ಹೊಣೆಯನ್ನು ಚಿತ್ರ ಬರೆಯದ ಗೆಳೆಯರೊಬ್ಬರಿಗೆ ವಹಿಸಿ.

ಸಣ್ಣದಾಗಿ ಹುಟ್ಟಿದ ಶಾಲೆಗಳೇ ನಮ್ಮ ನಾಡಿನ ಚಿತ್ರಕಲೆಯನ್ನು ಬೆಳೆಸಿದವು ಎಂಬುದು ನಿಮಗೆ ಧೈರ್ಯ ಕೊಡಲಿ. ಅ.ನ. ಸುಬ್ಬರಾಯರು ಬೆಂಗಳೂರಿನಲ್ಲಿ ಕಲಾಮಂದಿರ ಆರಂಭಿಸಿದ್ದು 1919ರಲ್ಲಿ. ಅವರ ಮಗ ಎ.ಎಸ್. ಮೂರ್ತಿಯವರು ಮುಂದೆ ಅಭಿನಯ ತರಂಗವೆಂಬ ಭಾನುವಾರದ ನಾಟಕ ಶಾಲೆ ಕಟ್ಟಿ, ವಾರವಿಡೀ ದುಡಿಯುವವರಿಗೂ ಕಲೆ ಕಲಿಯಲು ಒಂದು ದಿನ ಸಾಕೆಂದು ತೋರಿಸಿದರು. ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಶಾಲೆ, ಬಾದಾಮಿಯಿಂದ ಬಂದ ಆರ್.ಎಂ. ಹಡಪದರು 1968ರಲ್ಲಿ ಬೆಂಗಳೂರಿನಲ್ಲಿ ತೆರೆದ ಕೆನ್ ಕಲಾ ಶಾಲೆ, ಇವೆಲ್ಲ ಒಬ್ಬೊಬ್ಬ ಕಲಾವಿದರ ಹಟದಿಂದ ನಿಂತವು. ಒಬ್ಬರ ಮೇಲೆಯೇ ಭಾರ ಬಿದ್ದದ್ದು ಅವರ ಕಷ್ಟವೂ ಆಗಿತ್ತು. ನೀವು ಏಳೆಂಟು ಮಂದಿ ಇದ್ದೀರಿ, ಮತ್ತು 1949ರಿಂದ ನೀನಾಸಂ ಎಂಬ ರಂಗಸಂಸ್ಥೆ ನಡೆದುಬಂದ ಹೆಗ್ಗೋಡು ನಿಮ್ಮ ಪಕ್ಕದಲ್ಲೇ ಇದೆ. ಹಳ್ಳಿಯೊಂದರಲ್ಲಿ ರೈತರೂ ಮೇಷ್ಟರೂ ಸೇರಿ ಕಲೆಯ ಸಂಸ್ಥೆಯನ್ನು ದಶಕಗಳ ಕಾಲ ಹೇಗೆ ನಡೆಸಬಹುದೆಂದು ಕೇಳಿ ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ.

ಕೊನೆಯದಾಗಿ, ಯಾವಾಗ ಆರಂಭಿಸಬೇಕು ಎಂಬುದು. ಏಪ್ರಿಲ್ ತಿಂಗಳ ಬೇಸಿಗೆ ಶಿಬಿರದಿಂದ ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ, ಜನ ಸೇರುತ್ತಾರೆ, ಹಣವೂ ಬರುತ್ತದೆ. ಆದರೆ ಹತ್ತು ದಿನದ ಶಿಬಿರಕ್ಕೆ ಬಂದ ಎಂಬತ್ತು ಮಕ್ಕಳಲ್ಲಿ ಜೂನ್ ತಿಂಗಳಿಗೆ ಎಂಟು ಮಂದಿ ಉಳಿಯುವುದನ್ನು ನಾನು ನೋಡಿದ್ದೇನೆ. ಮಳೆ ಕಳೆದು ಭೂಮಿ ಹುಣ್ಣಿಮೆ ಮುಗಿದ ಮೇಲೆ, ಹತ್ತರಿಂದ ಹದಿಮೂರರವರ ಒಂದು ತರಗತಿ ಮತ್ತು ದೊಡ್ಡವರ ಒಂದು ತರಗತಿ, ಇವೆರಡರಿಂದಲೇ ಆರಂಭಿಸಿ. ಚಿಕ್ಕವರನ್ನು ಮುಂದಿನ ಜೂನ್‌ನಲ್ಲಿ, ನಿಮ್ಮಲ್ಲಿ ಇಬ್ಬರಾದರೂ ಸುಮ್ಮನೆ ಕೂತು ನೋಡುವುದನ್ನು ಅಭ್ಯಾಸ ಮಾಡಿಕೊಂಡ ಮೇಲೆ, ಸೇರಿಸಿಕೊಳ್ಳಿ. ಮೊದಲ ದಿನಕ್ಕೆ ಬೇಕಾಗುವುದು ಇಷ್ಟೇ: ಒಬ್ಬೊಬ್ಬರಿಗೆ ಎರಡು ದೊಡ್ಡ ಹಾಳೆ, ಒಂದು ತುಂಡು ಇದ್ದಿಲು, ಒರೆಸಲು ಹಳೆಯ ಪಂಚೆಯ ತುಂಡು, ಮತ್ತು ನಡುವೆ ಒಂದು ಹಿತ್ತಾಳೆಯ ತಂಬಿಗೆ. ಆ ದಿನ ಬರೆದ ತಂಬಿಗೆಗಳನ್ನೆಲ್ಲ ದಿನಾಂಕ ಹಾಕಿ ಎತ್ತಿಡಿ, ಹದಿನಾರನೆಯ ವಾರ ಅದೇ ತಂಬಿಗೆಯನ್ನು ಅದೇ ಜಾಗದಲ್ಲಿ ಮತ್ತೆ ಇಡಬೇಕಾಗುತ್ತದೆ.